ಷಡ್ಡಕರು ಚೊಕ್ಕ ಮಾಡಿದ ಕಲ್ಲಿನ ಸುತ್ತು

ನಾಗಪುರದ ನಿಲ್ದಾಣದಲ್ಲಿ ಇಳಿದಾಗ ಬೆಳಗಿನ ಒಂಬತ್ತೂವರೆ. ಧಾರವಾಡದಿಂದ ಮೀರಜಿನವರೆಗೆ ಸಣ್ಣ ಗಾಡಿ, ಅಲ್ಲಿಂದ ಮುಂದೆ ಕೊಲ್ಲಾಪುರದ ಕಡೆಯಿಂದ ಬರುವ ದೊಡ್ಡ ಗಾಡಿ. ದೊಡ್ಡ ಗಾಡಿ ತಡವನ್ನೂ ದೊಡ್ಡದಾಗಿಯೇ ಮಾಡಿತು. ಮನಮಾಡದಿಂದ ಈಚೆಗೆ ನಾನು ಕಾಯ್ದಿರಿಸಿದ್ದ ಹಲಗೆಯ ಮೇಲೆ ನನ್ನನ್ನೂ ಹಿಡಿದು ಐದು ಜನ ಕುಳಿತಿದ್ದೆವು. ಅದು ನನ್ನದಿರಬಹುದೆಂಬ ಸಂಶಯ ಅವರಲ್ಲಿ ಒಬ್ಬರಿಗೂ ಬರಲಿಲ್ಲ. ಸೈಕಲ್ ರಿಕ್ಷಾದವನಿಗೆ ಮೂರು ರೂಪಾಯಿ ಕೊಟ್ಟು ಸೀತಾಬರ್ಡಿಯ ಒಂದು ಲಾಡ್ಜಿಗೆ ಹೋದೆ. ದಿನಕ್ಕೆ ಇಪ್ಪತ್ತೆರಡು ರೂಪಾಯಿಯ ಕೋಣೆ. ಕಿಟಕಿ ತೆರೆದರೆ ಎದುರು ಮನೆಯ ಗೋಡೆ ಕೈಗೆ ಸಿಗುತ್ತಿತ್ತು. ವಿಶ್ವವಿದ್ಯಾಲಯಕ್ಕೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಂಡೆ.

ಇದು ಎಂಬತ್ತಾರನೆಯ ಇಸವಿಯ ಶ್ರಾವಣದ ಕೊನೆಯ ಮಾತು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು, ಮತ್ತು ಹನ್ನೊಂದು ವರ್ಷದಿಂದ ಒಂದೇ ಪಿಎಚ್.ಡಿ. ಪ್ರಬಂಧವನ್ನು ಬರೆಯುತ್ತಿರುವವನು. ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಸತ್ತವರನ್ನು ಹೂಳಿ, ಸುತ್ತಲೂ ದೊಡ್ಡ ಗುಂಡುಗಲ್ಲುಗಳನ್ನು ಇಡುತ್ತಿದ್ದರು. ಅಂಥ ಕಲ್ಲಿನ ಸುತ್ತುಗಳು ನಮ್ಮ ಕಡೆಯೂ ಇವೆ, ನಾಗಪುರದ ಸುತ್ತಲಿನ ಹಳ್ಳಿಗಾಡಿನಲ್ಲಂತೂ ಹೇರಳ. ನಾನು ನಮ್ಮ ಕಡೆ ಅಳೆದ ಸುತ್ತುಗಳಲ್ಲಿ ದಕ್ಷಿಣ ದಿಕ್ಕಿಗೆ ಒಂದು ತೆರಪು ಇತ್ತು, ಬಾಗಿಲು ಬಿಟ್ಟ ಹಾಗೆ. ಇಲ್ಲಿಯವರೂ ದಕ್ಷಿಣಕ್ಕೇ ಬಿಟ್ಟಿದ್ದರೆ ಎರಡೂ ಕಡೆಯ ಜನರಿಗೆ ಒಂದೇ ಪದ್ಧತಿ ಇತ್ತೆಂದು ಧೈರ್ಯವಾಗಿ ಹೇಳಬಹುದು. ನನ್ನ ಕೊನೆಯ ಅಧ್ಯಾಯ ಪೂರ್ತಿಯಾಗಿ ಇದರ ಮೇಲೆ ನಿಂತಿತ್ತು. ನನ್ನ ಮಾರ್ಗದರ್ಶಕರು ಖಡಾಖಂಡಿತವಾಗಿ ಹೇಳಿದ್ದರು: "ಪುಸ್ತಕದಾಗ ಬಂದದ್ದು ನನಗ ಬ್ಯಾಡ. ಇನ್ನೂ ಯಾರೂ ಅಳೀದಂಥಾ ಒಂದು ಸುತ್ತು ಹುಡುಕಿ, ನೀವ ಅಳದು ತರ್ರಿ. ದಸರಾದೊಳಗ ತರದಿದ್ರ ಈ ಪ್ರಬಂಧ ಮರತಬಿಡ್ರಿ."

ಅಂಥದೊಂದನ್ನು ಹುಡುಕಿಕೊಟ್ಟವರು ನನ್ನ ಷಡ್ಡಕ ಈರಪ್ಪನವರು. ನನ್ನ ಹೆಂಡತಿಯ ತಂಗಿ ಶಾಂತಾಳ ಗಂಡ. ಕಾಮಠಿಯ ದಂಡಿನಲ್ಲಿ ಸುಬೇದಾರ. ತಮ್ಮ ಕೈಕೆಳಗಿನ ಸಿಪಾಯಿಯೊಬ್ಬನ ಮದುವೆಗೆಂದು ಉಮರೇಡ್ ರಸ್ತೆಯ ಕಡೆಯ ಹಳ್ಳಿಗೆ ಹೋದಾಗ ಕಂಡು, ಕಾಗದ ಬರೆದಿದ್ದರು: 'ಅಣ್ಣಾರ, ನೀವು ಹೇಳೋ ಅಂಥಾ ಕಲ್ಲಿನ ಸುತ್ತು ಇಲ್ಲಿ ಒಂದು ಐತಿ. ಯಾರೂ ಕೇಳವರಿಲ್ಲ, ದನಾ ಮೇಯತಾವ.' ಆ ಹಳ್ಳಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ನನ್ನ ಯೋಜನೆ ಅಚ್ಚುಕಟ್ಟಾಗಿತ್ತು. ನಾಗಪುರದಲ್ಲಿ ತಳ ಊರಿ, ಎರಡು ದಿನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಹಳೆಯ ಉತ್ಖನನದ ವರದಿಗಳನ್ನು ಓದಿಕೊಳ್ಳುವುದು, ಎರಡು ದಿನ ಹಳ್ಳಿಗಳನ್ನು ಸುತ್ತುವುದು, ಸೋಮವಾರದ ಗಾಡಿ ಹಿಡಿಯುವುದು. ಸ್ನಾನ ಮುಗಿಸಿ ವಿಶ್ವವಿದ್ಯಾಲಯಕ್ಕೆ ನಡೆದೆ. ನಮ್ಮ ಧಾರವಾಡದ್ದಕ್ಕಿಂತ ಇದು ಹಿರಿಯದು. ಕಟ್ಟಡಗಳಿಗೂ ಮರಗಳಿಗೂ ಆ ಹಿರಿತನದ ಗತ್ತು ಇತ್ತು. ಬಾಗಿಲಿಗೆ ಬೀಗವೂ ಇತ್ತು. "ಆಜ್ ಪೋಳಾ ಹೈ ಸಾಬ್," ಎಂದ ಕಾವಲುಗಾರ. ಪೋಳಾ ಎಂದರೆ ಎತ್ತುಗಳ ಹಬ್ಬ. ನಮ್ಮಲ್ಲಿ ಕಾರಹುಣ್ಣಿಮೆಗೇ ಎತ್ತುಗಳ ಹಬ್ಬ ಮುಗಿದಿರುತ್ತದೆ; ಶ್ರಾವಣದ ಅಮಾವಾಸ್ಯೆಗೆ ಇನ್ನೊಂದು ಇರುತ್ತದೆಂದು ನಮ್ಮ ಗೋಡೆಯ ಕ್ಯಾಲೆಂಡರ್ ಹೇಳಿರಲಿಲ್ಲ. ಇತಿಹಾಸದ ಮಾಸ್ತರನಾಗಿ ಇಷ್ಟು ವಿಚಾರಿಸಿಕೊಂಡು ಹೊರಡಬಾರದೇ ಎಂದು ನನ್ನನ್ನೇ ಬೈದುಕೊಂಡೆ. ನಾಳೆ ತೆರೆಯುತ್ತದೆಯೇ ಎಂದು ಕೇಳಿದೆ. ಅವನು ಕರುಣೆಯಿಂದ ನನ್ನನ್ನು ನೋಡಿ, ನಾಳೆ ಮಾರ್ಬತ್, ಊರಿಗೇ ರಜೆ ಎಂದ.

ಸಿಟ್ಟನ್ನು ಕಟ್ಟಿಕೊಂಡು ಕಾಮಠಿಯ ಬಸ್ಸು ಹತ್ತಿದೆ. ಹತ್ತು ಮೈಲಿ ದೂರ, ಎರಡು ರೂಪಾಯಿ ಟಿಕೆಟ್ಟು. ದಂಡಿನ ವಸತಿಯಲ್ಲಿ ಈರಪ್ಪನವರ ಮನೆ ಹುಡುಕಬೇಕಾಗಲಿಲ್ಲ. ಲಾಡ್ಜಿನಿಂದ ದಂಡಿನ ಕಚೇರಿಗೆ ಫೋನು ಮಾಡಿ ತಿಳಿಸಿದ್ದೆ; ಅವರೇ ಬಸ್ಸು ನಿಲ್ಲುವಲ್ಲಿ ನೆಟ್ಟಗೆ ನಿಂತಿದ್ದರು. ಆರಡಿಯ ಆಳು, ಇಸ್ತ್ರಿಯ ಅಂಗಿ, ಕನ್ನಡಿಯಂತೆ ಹೊಳೆಯುವ ಬೂಟು. ನಾನು ಲಾಡ್ಜಿನಲ್ಲಿ ಇಳಿದದ್ದು ಅವರಿಗೆ ಅವಮಾನವಾಗಿತ್ತು. ಮನೆಯಲ್ಲಿ ಶಾಂತಾ ಹೋಳಿಗೆ ಬಡಿಸುತ್ತ ಅದನ್ನೇ ಎತ್ತಿದಳು. ಅಕ್ಕನ ಗಂಡನಾದ ನನ್ನನ್ನು ಅವಳು ಮಾಮಾ ಎನ್ನುತ್ತಾಳೆ. "ಮಾಮಾರ, ಹನ್ನೆರಡ ವರ್ಷ ಆತು ನಾವು ಈ ಕಡೆ ಬಂದು. ನಮ್ಮ ಮಂದಿ ಒಬ್ಬರೂ ಬರಲಿಲ್ಲ. ಈಗ ಬಂದವರು ನೀವೂ ಲಾಡ್ಜಿನ್ಯಾಗ ಇಳಿದ್ರಿ."

ನಾನು ಗ್ರಂಥಾಲಯ, ವರದಿ ಎಂದು ಏನೋ ಸಬೂಬು ಹೇಳಿ, ಮಾತು ತಿರುಗಿಸಲು ಈರಪ್ಪನವರಿಗೆ ನನ್ನ ದಕ್ಷಿಣದ ತೆರಪಿನ ವಿಚಾರವನ್ನು ವಿವರಿಸಿದೆ. ಅವರು ಏಳನೆಯ ಇಯತ್ತೆಯವರೆಗೆ ಓದಿದವರು. ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದು ಪೂರ್ತಿ ಕೇಳಿದರು. ಕೊನೆಗೆ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು: "ಆ ಪುಸ್ತಕದಾಗ, ಈ ಸುತ್ತು ತೋರಿಸಿದವ್ರು ಯಾರಂತ ಬರೀತಾರೇನ್ರಿ?"

"ಯಾಕ ಬರಿಯೂದಿಲ್ಲ? ಆ ಅಳತಿ ಕೆಳಗ ನಿಮ್ಮ ಹೆಸರು ಹಾಕ್ತೀನಿ," ಎಂದೆ. ಅವರು ಶಾಂತಾಳಿಗೆ ಇನ್ನೊಂದು ಹೋಳಿಗೆ ನನಗೆ ಹಾಕಲು ಸನ್ನೆ ಮಾಡಿದರು. ಮರುದಿನವೇ ಆ ಹಳ್ಳಿಗೆ ಹೋಗೋಣವೆಂದರೆ ಮಾತ್ರ ಒಪ್ಪಲಿಲ್ಲ. "ಐತವಾರ ಹೋಗೂಣ್ರಿ. ಜೀಪಿನ ವ್ಯವಸ್ಥಾ ಮಾಡ್ತೀನಿ. ಅಲ್ಲೀತನಕ ಎಲ್ಲಾ ಬರೋಬರ್ ಮಾಡಸ್ತೀನಿ." ಈ ಬರೋಬರ್ ಎಂಬ ಮಾತಿನ ಅರ್ಥವನ್ನು ನಾನು ಅಲ್ಲೇ ಕೇಳಬೇಕಿತ್ತು.

ಶುಕ್ರವಾರ ಕೋಣೆಯಲ್ಲಿ ಕೂರಲಾಗದೆ ನಾನೊಬ್ಬನೇ ಹಳ್ಳಿಗೆ ಹೊರಟೆ. ಬಸ್ ನಿಲ್ದಾಣಕ್ಕೆ ಹತ್ತಿರದ ದಾರಿ ಎಂದು ರಿಕ್ಷಾದವನು ನನ್ನನ್ನು ಮಹಾಲಿನ ಗಲ್ಲಿಗಳಿಗೆ ನುಗ್ಗಿಸಿದ. ಅಲ್ಲಿ ಮಾರ್ಬತ್ ಮೆರವಣಿಗೆ. ಬಿದಿರು, ಕಾಗದದಲ್ಲಿ ಮಾಡಿದ ದೈತ್ಯ ಹೆಂಗಸಿನ ಬೊಂಬೆಗಳನ್ನು ಹೊತ್ತು, ಊರಿನ ರೋಗ ರುಜಿನ ಪೀಡೆಗಳನ್ನೆಲ್ಲ ತೆಗೆದುಕೊಂಡು ಹೋಗೆಂದು ಕೂಗುತ್ತ ಸುಟ್ಟುಬರುತ್ತಾರೆ. ಹಳೆಯ ವಾಡೆಗಳ ಮಾಡದ ಮೇಲೆಲ್ಲ ಜನ. ಸ್ಕೂಟರುಗಳು, ನನ್ನ ರಿಕ್ಷಾ, ಒಂದು ಹಾಲಿನ ಗಾಡಿ ಎಲ್ಲವೂ ಎರಡೂವರೆ ತಾಸು ಒಂದೇ ಕಡೆ ನಿಂತವು. ರಜೆಯ ಪೀಡೆಯನ್ನೂ ಆ ಬೊಂಬೆಗಳ ಜೊತೆಗೇ ಕಳಿಸಬಾರದೇ ಎಂದು ನನಗನಿಸಿತು. ಕೊನೆಗೂ ಬಸ್ಸು ಸಿಕ್ಕು, ಉಮರೇಡ್ ರಸ್ತೆಯಲ್ಲಿ ಇಪ್ಪತ್ತು ಮೈಲಿ ಹೋಗಿ ಇಳಿದೆ. ಮುಂದೆ ಮೂರು ಮೈಲಿ ಎರೆಮಣ್ಣಿನ ದಾರಿ. ಒಂದು ಮೈಲಿ ನಡೆಯುವಷ್ಟರಲ್ಲಿ ಎರಡೂ ಚಪ್ಪಲಿಗಳು ಒಂದೊಂದು ಸೇರು ತೂಗುತ್ತಿದ್ದವು. ಎದುರಿಗೆ ಹಳ್ಳ ತುಂಬಿ ಹರಿಯುತ್ತಿತ್ತು. ದಡದಲ್ಲಿ ಆಡು ಮೇಯಿಸುತ್ತಿದ್ದ ಮುದುಕನೊಬ್ಬ ನೀರು ನಾಳೆ ಇಳಿಯುತ್ತದೆ ಎಂದು ಕೈಸನ್ನೆ ಮಾಡಿದ. ಬಂದ ದಾರಿಗೆ ಸುಂಕವಿಲ್ಲವೆಂದು ಚಪ್ಪಲಿ ಕೈಯಲ್ಲಿ ಹಿಡಿದು ತಿರುಗಿದೆ. ಈಗ ಅನಿಸುತ್ತದೆ, ಅಂದು ಈಜಿಯಾದರೂ ದಾಟಬೇಕಿತ್ತು.

ಶನಿವಾರ ಗ್ರಂಥಾಲಯ ತೆರೆಯಿತು. ಆ ಒಂದು ದಿನದ ಬಗ್ಗೆ ನನ್ನ ತಕರಾರಿಲ್ಲ. ಎತ್ತರದ ಕಿಟಕಿಯ ಬಳಿ ಮೇಜು ಸಿಕ್ಕಿತು, ಕೇಳಿದ ವರದಿಗಳೆಲ್ಲ ಬಂದವು, ಮಧ್ಯಾಹ್ನದ ಹೊತ್ತಿಗೆ ಮೂವತ್ತು ಪುಟ ಬರೆದುಕೊಂಡೆ. ಸಂಜೆ ಏಳಕ್ಕೆ ಲಾಡ್ಜಿಗೆ ಬಂದರೆ ಈರಪ್ಪನವರು ಬಾಗಿಲಲ್ಲಿ ಕಾಯುತ್ತಿದ್ದರು. ಕೈಯಲ್ಲಿ ಶಾಂತಾ ಕಳಿಸಿದ ರೊಟ್ಟಿಯ ಗಂಟು. ಯಾವಾಗಲೂ ಹೊಳೆಯುವ ಅವರ ಬೂಟಿನ ಮೇಲೆ ಸುಣ್ಣದ ಹನಿಗಳಿದ್ದವು. ಮನೆಗೆ ಸುಣ್ಣ ಬಳಿಸುತ್ತಿರಬೇಕು ಎಂದುಕೊಂಡೆ.

"ಎಲ್ಲಾ ತಯಾರ್ ಐತ್ರಿ ಅಣ್ಣಾರ. ನಾಳಿ ನೀವು ಬರೇ ಬಂದು ಅಳಿಯೂದಷ್ಟ," ಎಂದರು. ಮುಖದಲ್ಲಿ ಎಂದೂ ಕಾಣದ ಒಂದು ನಗೆ ಇತ್ತು.

ಭಾನುವಾರ ಏಳಕ್ಕೆ ಜೀಪು ಬಂತು. ನಾಗಪುರದ ಅಂಚಿನ ವಾಡಿಯಲ್ಲಿ ಟ್ರಕ್ಕುಗಳನ್ನಿಟ್ಟಿರುವ ಅವರ ಪರಿಚಯದವರೊಬ್ಬರದು. ಸೀತಾಬರ್ಡಿಯ ಮೂಲೆಯಲ್ಲಿ ತರ್ರಿ-ಪೋಹೆ ತಿಂದೆವು. ಅವಲಕ್ಕಿಯ ಮೇಲೆ ಕಡಲೆಯ ಕೆಂಪು ಸಾರನ್ನು ಸುರಿದು ಕೊಡುತ್ತಾರೆ. ತಿಂದವನಿಗೆ ಮಧ್ಯಾಹ್ನದವರೆಗೆ ಬೇರೆ ಚಿಂತೆ ಇರುವುದಿಲ್ಲ. ಮಳೆ ಬಿಟ್ಟಿತ್ತು. ಉಮರೇಡಿನ ಕಡೆಯಿಂದ ಕಲ್ಲಿದ್ದಲಿನ ಲಾರಿಗಳು ಸಾಲಾಗಿ ಎದುರು ಬರುತ್ತಿದ್ದವು. ಎರಡೂ ಬದಿಗೆ ಜೋಳ, ತೊಗರಿ, ಮೆಣಸಿನ ಗಿಡ. ಮಣ್ಣು ನಮ್ಮ ನವಲಗುಂದದ ಮಣ್ಣಿನಷ್ಟೇ ಕಪ್ಪು. ಹಳ್ಳದಲ್ಲಿ ನೀರು ಮೊಣಕಾಲಿಗಿತ್ತು. ಜೀಪು ದಾಟಿತು. ನಾನು ಟೇಪು, ದಿಕ್ಸೂಚಿ, ನೋಟುಬುಕ್ಕು ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಹನ್ನೊಂದು ವರ್ಷದ ಕೆಲಸ ಇವತ್ತು ಮುಗಿಯುತ್ತದೆಂದು ಮನಸ್ಸು ಹಗುರಾಗಿತ್ತು.

ಊರ ಹೊರಗಿನ ದಿಬ್ಬದ ಮೇಲೆ ಏನೋ ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು. ಹತ್ತಿರ ಹೋದಾಗ ಅದು ನನ್ನ ಕಲ್ಲಿನ ಸುತ್ತೇ ಎಂದು ತಿಳಿಯಿತು. ಬೆಳಗಾವಿಯ ಕ್ಯಾಂಪು ನೋಡಿದವರಿಗೆ ಗೊತ್ತಿರುತ್ತದೆ: ದಂಡಿನವರು ಸಾಹೇಬ ನೋಡಲು ಬರುತ್ತಾನೆಂದರೆ ದಾರಿಯ ಅಂಚಿನ ಕಲ್ಲು, ಗಿಡದ ಬೊಡ್ಡೆ, ನೀರಿನ ಬಕೀಟು, ಅಲುಗಾಡದ ಎಲ್ಲದಕ್ಕೂ ಸುಣ್ಣ-ಕಾವಿ ಬಳಿಯುತ್ತಾರೆ. ನನ್ನ ಎರಡು ಸಾವಿರ ವರ್ಷದ ಕಲ್ಲುಗಳಿಗೆ ಕೆಳಗೆ ಒಂದು ಗೇಣು ಕಾವಿ, ಮೇಲೆ ಬಿಳಿ ಸುಣ್ಣ. ಪ್ರತಿಯೊಂದರ ಮೇಲೂ ಕಪ್ಪು ಬಣ್ಣದಲ್ಲಿ ಅಂಕಿ. ಒಂದರಿಂದ ಇಪ್ಪತ್ತೆರಡು. ಕಲ್ಲು ಕಲ್ಲಿನ ನಡುವಿನ ಅಂತರ ಹಗ್ಗ ಹಿಡಿದು ಸಮ ಮಾಡಿದ್ದು. ಒಳಗೆಲ್ಲ ಕೆಂಪು ಮುರುಮು ಮಣ್ಣು ಹರಡಿ ದಿಮ್ಮಸು ಹೊಡೆದಿದ್ದರು. ನಡುವೆ ಒಂದು ಕುರ್ಚಿ, ಮೇಜು, ಮೇಜಿನ ಮೇಲೆ ಕಸೂತಿಯ ಬಟ್ಟೆ. ಊರ ಪಾಟೀಲರು ಹಾರ ಹಿಡಿದು ನಿಂತಿದ್ದರು. ಅವರ ಮಗನೇ ಆ ಮದುವೆಯ ಸಿಪಾಯಿ.

"ಪೋಳಾಕ್ಕ ಎತ್ತಿನ ಕೋಡಿಗೆ ತಂದ ಬಣ್ಣ ಉಳದಿತ್ರಿ," ಎಂದು ಈರಪ್ಪನವರು ವಿವರಿಸಿದರು. "ನಿನ್ನೆ ಮುಂಜಾನೆ ಹಳ್ಳ ಇಳದಕೂಡ್ಲೆ ಬಂದೆ. ಹದಿನಾರ ಮಂದಿ, ಆರು ಸಲಾಕಿ. ನಂಬರ್ ಹಾಕ್ಸೀನಿ, ನಿಮಗ ಬರಿಯಾಕ ಸಲೀಸ."

ನನ್ನ ಬಾಯಿಂದ ಒಂದೇ ಪ್ರಶ್ನೆ ಬಂತು. "ತೆರಪು ಎಲ್ಲಿ ಐತಿ ಈರಪ್ಪನವರ?"

"ತುಂಬ್ಸೀನ್ರಿ. ಮೂರು ಕಲ್ಲ ಕಡಿಮಿ ಇದ್ದೂ. ಹಳ್ಳದಿಂದ ಹೊರ್ಸಿದೆ. ಸಾಲಿನ್ಯಾಗ ಖಾಲಿ ಜಾಗಾ ಇದ್ರ ಚೊಲೋ ಕಾಣೂದಿಲ್ಲಲ್ರಿ."

ಗಣಪತಿಯನ್ನು ಮಾಡು ಎಂದರೆ ಅವರಪ್ಪನನ್ನು ಮಾಡಿದ ಹಾಗಾಯಿತು. ಊಟದ ಹೊತ್ತಿನಲ್ಲಿ ನಾನು ತೆರಪಿನ ಕಥೆಯನ್ನು ಅಷ್ಟು ಹೊತ್ತು ಹೇಳಿದ್ದೆನಲ್ಲ! ಅದು ಇದ್ದದ್ದೇ ಮುಖ್ಯ ಎಂದು ನನಗೆ ಗೊತ್ತಿತ್ತು. ಅದೊಂದು ಕೊರತೆ, ನನ್ನ ಮಾನ ಕಾಯಲು ತುಂಬಿಸಬೇಕಾದದ್ದು ಎಂದು ಅವರಿಗೆ ಕೇಳಿಸಿತ್ತು. ಇಪ್ಪತ್ತೈದು ವರ್ಷ ಸಾಲಿನಲ್ಲಿ ನಿಂತ, ನಿಲ್ಲಿಸಿದ ಮನುಷ್ಯನಿಗೆ ಬೇರೆ ಹೇಗೆ ಕೇಳಿಸೀತು? ಆದರೆ ಇಷ್ಟು ಸಮಾಧಾನದ ವಿಚಾರ ಆಗ ಎಲ್ಲಿಂದ ಬರಬೇಕು. ಕೊರಳಿಗೆ ಹಾಕಿದ್ದ ಹಾರವನ್ನು ಕಿತ್ತು ಮೇಜಿನ ಮೇಲೆ ಒಗೆದು, ಪಾಟೀಲರೂ ಅವರ ಜನರೂ ನೋಡುತ್ತಿರುವಂತೆ, ನಾನು ಕೂಗಾಡಿದೆ. ನನ್ನ ಹನ್ನೊಂದು ವರ್ಷ ನೀರಲ್ಲಿ ಹೋಮ ಮಾಡಿದಿರಿ ಎಂದೆ. ಓದದವರಿಗೆ ಇಂಥ ಕೆಲಸ ಹೇಳಿದ್ದೇ ನನ್ನ ತಪ್ಪು ಎಂದೂ ಅಂದೆ. ಕನ್ನಡ ತಿಳಿಯದ ಜನಕ್ಕೂ ಅದು ತಿಳಿಯಿತು. ಈರಪ್ಪನವರು ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನೆಟ್ಟಗೆ ನಿಂತೇ ಇದ್ದರು.

ಮುರುಮು ಕೆದರಿ ನೋಡಿದೆ. ಹಸಿ ಎರೆಮಣ್ಣನ್ನು ಹದಿನಾರು ಜನ ಇಡೀ ದಿನ ತುಳಿದು ಕಲಸಿದ್ದರು. ಹಳೆಯ ಕಲ್ಲು ಕುಳಿತಿದ್ದ ಒಂದು ಗುರುತೂ ಸಿಗಲಿಲ್ಲ. ಸಲಾಕೆ ಹಾಕಿ ಕಲ್ಲು ಸರಿಸಿದ ಜನರನ್ನು ಕೇಳಿದರೆ ಒಬ್ಬ ಪೂರ್ವ ಎಂದ, ಒಬ್ಬ ಊರಿನ ಕಡೆ ಎಂದ. ಪಾಟೀಲರಿಗೆ ನನ್ನ ಸಂಕಟ ನೋಡಲಾಗಲಿಲ್ಲ. ಹತ್ತಿರ ಬಂದು ತುಂಬ ಮರ್ಯಾದೆಯಿಂದ ಹೇಳಿದರು: "ಸಾಹೇಬ, ಮೋಕಳೀ ಜಾಗಾ ಕುಠಂ ಪಾಯ್ಜೆ ತೇ ಸಾಂಗಾ." ತೆರಪು ಯಾವ ಕಡೆಗೆ ಬೇಕೋ ಹೇಳಿ, ಅರ್ಧ ತಾಸಿನಲ್ಲಿ ಮಾಡಿಸಿಕೊಡುತ್ತೇವೆ ಎಂದು ಅದರ ಅರ್ಥ. ನಗಬೇಕೋ ಅಳಬೇಕೋ ತಿಳಿಯದೆ ಆ ಕುರ್ಚಿಯ ಮೇಲೆ ಕುಳಿತೆ.

ಆಗ ಈರಪ್ಪನವರು ನನ್ನ ಮುಂದೆ ಬಂದು, ಎಲ್ಲಿಯೋ ದೂರ ನೋಡುತ್ತ ಹೇಳಿದರು: "ದಕ್ಷಿಣಕ್ಕ ಇತ್ರಿ ಅಣ್ಣಾರ. ನನಗ ನೆನಪೈತಿ. ನೀವು ಹೇಳಿದ್ರೆಲ್ಲ, ಬರೋಬರ್ ಅಲ್ಲೇ ಇತ್ತು."

ಅದನ್ನು ಅವರು ಮೊದಲೇ ಯಾಕೆ ಹೇಳಲಿಲ್ಲ ಎಂದು ನನಗೆ ಅನಿಸಲಿಲ್ಲವೇ? ಅನಿಸಿತು. ಅವರ ದನಿ ಸುಳ್ಳು ಹೇಳಿ ರೂಢಿಯಿಲ್ಲದವನ ದನಿ ಎಂದೂ ಅನಿಸಿತು. ಆದರೂ ಜೇಬಿನಿಂದ ಪೆನ್ನು ತೆಗೆದು 'ತೆರಪು: ದಕ್ಷಿಣ' ಎಂದು ಬರೆದೆ. ಬರೆದ ಮೇಲೆ ಪಾಟೀಲರ ಮನೆಯ ಜುಣಕ-ರೊಟ್ಟಿಯನ್ನೂ ಉಂಡೆ. 

ಸೋಮವಾರ ಮಧ್ಯಾಹ್ನ ನಿಲ್ದಾಣಕ್ಕೆ ಅವರು ಬರಲಾರರು ಎಂದುಕೊಂಡಿದ್ದೆ. ಗಾಡಿ ಬರುವ ಹತ್ತು ನಿಮಿಷ ಮೊದಲು, ಪೂರ್ಣ ಸಮವಸ್ತ್ರದಲ್ಲಿ, ರೊಟ್ಟಿಯ ಗಂಟು ಹಿಡಿದು ಬಂದರು. ನನ್ನ ಪೆಟ್ಟಿಗೆಯನ್ನು ಕಿಟಕಿಯ ಬದಿಯ ಹಲಗೆಯ ಕೆಳಗೆ ಸರಿಸಿಟ್ಟು ಪ್ಲಾಟ್‌ಫಾರ್ಮಿಗೆ ಇಳಿದು ಕಿಟಕಿಯ ಹತ್ತಿರ ನಿಂತರು. ನಾನು ನಿನ್ನೆ ಆಡಿದ ಮಾತಿಗೆ ಏನಾದರೂ ಹೇಳಬೇಕೆಂದು ಹೊಂದಿಸಿಕೊಳ್ಳುತ್ತಿದ್ದೆ. ಅವರೇ ಮೊದಲು ಮಾತಾಡಿದರು.

"ದಕ್ಷಿಣಕ್ಕ ಇರಲಿಲ್ರಿ."

ನಾನು ಕಿಟಕಿಯ ಸರಳು ಹಿಡಿದು ಮುಂದೆ ಬಾಗಿದೆ.

"ಈಶಾನ್ಯಕ್ಕ ಇತ್ತು. ಕೆಲಸಾ ಹಚ್ಚೂಕಿಂತ ಮೊದಲು ಸುತ್ತೆಲ್ಲಾ ಹೆಜ್ಜಿ ಹಾಕಿ ಎಣಿಸಿದ್ದೆ, ಎಷ್ಟು ಮಂದಿ ಬೇಕು ನೋಡಾಕ. ಹತ್ತೊಂಬತ್ತು ಕಲ್ಲು. ಈ ಕಡಿಂದ ಆ ಕಡಿಗೆ ಹದಿನೈದು ಹೆಜ್ಜಿ. ತೆರಪು ನಾಕು ಹೆಜ್ಜಿ. ಕವಾಯತಿನ ಹೆಜ್ಜಿ ಮೂವತ್ತು ಇಂಚ್ರಿ, ನಂದು ಹೆಚ್ಚು ಕಡಿಮಿ ಆಗೂದಿಲ್ಲ."

ದಕ್ಷಿಣ ಹೋಯಿತು, ದಕ್ಷಿಣದ ಜೊತೆಗೆ ಅಧ್ಯಾಯವೂ ಹೋಯಿತು, ದಸರಾವೂ ಹೋಯಿತು. ಆ ಕ್ಷಣಕ್ಕೆ ಮತ್ತೆ ಅದೇ ಸಿಟ್ಟು ಉಕ್ಕಿತು. ಸುಳ್ಳಾದರೂ ಕೈಯಲ್ಲಿ ಒಂದು ಇತ್ತು, ಅದನ್ನೂ ಕಿತ್ತುಕೊಳ್ಳಲು ಈ ಮನುಷ್ಯ ಕಾಮಠಿಯಿಂದ ಬಂದನಲ್ಲ ಎನಿಸಿತು.

"ಹಂಗಾದ್ರ ನಿನ್ನೆ ಯಾಕ ದಕ್ಷಿಣ ಅಂದ್ರಿ?"

"ನಿಮ್ಮ ಮಾರಿ ನೋಡ್ಲಿಕ್ಕೆ ಆಗಲಿಲ್ರಿ."

"ಮತ್ತ ಇವತ್ತ್ಯಾಕ ಹೇಳ್ತೀರಿ? ಸುಮ್ನಿದ್ರ ಆಗ್ತಿತ್ತಲ್ಲ."

ಗಾಡಿ ಜಗ್ಗಿತು. ಅವರು ಅದರ ಜೊತೆಗೆ ಎರಡು ಹೆಜ್ಜೆ ನಡೆದರು. "ಅದರ ಕೆಳಗ ನನ್ನ ಹೆಸರು ಹಾಕ್ತೀನಿ ಅಂದೀರೆಲ್ರಿ," ಎಂದರು. "ಸುಳ್ಳಿನ ಕೆಳಗ ನನ್ನ ಹೆಸರು ಬ್ಯಾಡ್ರಿ ಅಣ್ಣಾರ."

ಪ್ರಬಂಧದ ಮುಖಪುಟದ ಮೇಲೆ ಬರುವುದು ನನ್ನ ಹೆಸರು. ಅದರ ಬಗ್ಗೆ ನಾನು ಈ ಮಾತನ್ನು ಯೋಚಿಸಿಯೇ ಇರಲಿಲ್ಲ. ನಾಚಿಕೆಯಿಂದ ನನಗೆ ಕಿಟಕಿಯಿಂದ ಕೈ ಬೀಸಲೂ ಆಗಲಿಲ್ಲ. ಪ್ಲಾಟ್‌ಫಾರ್ಮು ಮುಗಿಯುವವರೆಗೂ ಅವರು ನಿಂತಿರುವುದು ಕಾಣುತ್ತಿತ್ತು.

ವರ್ಧಾ ದಾಟಿದ ಮೇಲೆ ನೋಟುಬುಕ್ಕು ತೆಗೆದೆ. 'ದಕ್ಷಿಣ' ಎಂಬುದನ್ನು ಹೊಡೆದು 'ಈಶಾನ್ಯ' ಎಂದು ಬರೆದೆ. ಹತ್ತೊಂಬತ್ತು ಕಲ್ಲು, ಹದಿನೈದು ಹೆಜ್ಜೆ, ತೆರಪು ನಾಲ್ಕು ಹೆಜ್ಜೆ, ಹೆಜ್ಜೆಗೆ ಮೂವತ್ತು ಇಂಚು. ಅಳೆದವರು ಎಂಬಲ್ಲಿ ಸುಬೇದಾರ್ ಈರಪ್ಪ ಎಂದು ಬರೆದು, ಕೆಳಗೆ ಗೆರೆ ಎಳೆದೆ.